ನೀರೆತ್ತುವ ಪಂಪಿಗೆ ಎಣ್ಣೆ ಇಂಜಿನನ್ನು ಆರಿಸುವ ಕ್ರಮ

ಏತ ಕಪಿಲೆಗಳು ಮೂಲೆ ಸೇರಿದ ಮೇಲೆ ನಮ್ಮ ಬಯಲುಸೀಮೆಯ ತೆರೆದ ಬಾವಿಗಳಲ್ಲಿಯೂ ಹಳ್ಳದ ದಡಗಳಲ್ಲಿಯೂ ನೀರೆತ್ತುವ ಕೆಲಸವು ಯಂತ್ರಗಳ ಪಾಲಿಗೆ ಬಂದಿರುವುದು. ವಿದ್ಯುಚ್ಛಕ್ತಿಯು ದೊರೆಯುವ ಕಡೆ ಮೋಟಾರನ್ನೇ ಇಡತಕ್ಕದ್ದು. ಅದರ ವಿಷಯವಾಗಿ ಇಲ್ಲಿ ಚರ್ಚೆಯಿಲ್ಲ. ತಂತಿಯು ತಲುಪದ ಜಮೀನುಗಳಿಗೂ, ಹಳ್ಳದ ದಡದಲ್ಲಿ ಜಾಗ ಬದಲಿಸುತ್ತ ನೀರೆತ್ತಬೇಕಾದವರಿಗೂ ಎಣ್ಣೆ ಇಂಜಿನೇ ಗತಿ. ಇದನ್ನು ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆಯು “ಎಷ್ಟು ಅಶ್ವಶಕ್ತಿಯದು?” ಎಂಬುದು. ಅದು ಕಟ್ಟಕಡೆಗೆ ಕೇಳತಕ್ಕ ಪ್ರಶ್ನೆ. ಮೊದಲು ವಿಚಾರಿಸತಕ್ಕದ್ದು ಬಾವಿಯನ್ನು.

ಕೆಲವು ವರ್ಷಗಳ ಕೆಳಗೆ ನಾನು ಸಂಚಾರದಲ್ಲಿದ್ದಾಗ ಜಮೀನುದಾರರೊಬ್ಬರು ತಮ್ಮ ಬಾವಿಯ ಬಳಿಗೆ ಕರೆದೊಯ್ದರು. ಅವರಲ್ಲಿ 5 ಅಶ್ವಶಕ್ತಿಯ ಇಂಜಿನು ಇದ್ದಿತು. ಅದು ಒಂದು ಗಂಟೆ ನಲವತ್ತು ನಿಮಿಷ ನಡೆದ ಕೂಡಲೇ ನೀರು ನಿಲ್ಲುತ್ತಿತ್ತು. ಇಂಜಿನಿಗೆ ಬಲ ಸಾಲದೆಂದು ಬಗೆದು, ಒಂದು ಜೊತೆ ಎತ್ತುಗಳನ್ನು ಮಾರಿ, ಮೇಲೆ ಸಾಲವನ್ನೂ ಮಾಡಿ, 10 ಅಶ್ವಶಕ್ತಿಯ ಇಂಜಿನನ್ನೂ ಅದಕ್ಕೆ ತಕ್ಕ ಪಂಪನ್ನೂ ತಂದರು. ಈಗ ನೀರು ಮುಕ್ಕಾಲು ಗಂಟೆಯಲ್ಲಿಯೇ ನಿಲ್ಲತೊಡಗಿತು! ಬಾವಿಯು ನಾಲ್ಕು ಮೀಟರು ಅಗಲದ ದುಂಡು ಬಾವಿ. ನಿಂತ ನೀರು ಮೂರು ಮೀಟರು, ಎಂದರೆ ಸುಮಾರು 37,700 ಲೀಟರು. ಬಾವಿಯನ್ನು ಬತ್ತಿಸಿ, ಗಂಟು ಹಾಕಿದ ಹಗ್ಗವನ್ನು ಇಳಿಬಿಟ್ಟು ಅಳೆದಾಗ, ಒರತೆಯಿಂದ ಗಂಟೆಗೆ ಅರ್ಧ ಮೀಟರು ನೀರು ಏರಿತು. ಇದು ಸುಮಾರು 6,300 ಲೀಟರು. ಹಗಲಿರುಳು ಕೂಡಿ ಒಂದೂವರೆ ಲಕ್ಷ ಲೀಟರಾದೀತು. ಒಂದು ಎಕರೆಗೆ ಎರಡು ಅಂಗುಲ ನೀರು ಹಾಯಿಸಲು ಎರಡು ಲಕ್ಷ ಲೀಟರು ಮೀರಿ ಬೇಕು. ಇಂಜಿನಿನ ಬಲವು ದ್ವಿಗುಣವಾದ ಮಾತ್ರಕ್ಕೆ ಒರತೆಯು ಹೆಚ್ಚುವುದುಂಟೆ? ಅವರ ಹಣವು ಬಾವಿಯ ಹೂಳೆತ್ತುವುದಕ್ಕೆ ವೆಚ್ಚವಾಗಿದ್ದರೆ ಸಾರ್ಥಕವಾಗುತ್ತಿತ್ತೋ ಏನೋ. ಆದುದರಿಂದ ಬೇಸಗೆಯಲ್ಲಿ, ನೀರು ಕಡಮೆಯಿರುವ ಕಾಲದಲ್ಲಿ, ಈ ಅಳತೆಯನ್ನು ಮಾಡಿದ ಹೊರತು ಇಂಜಿನಿಗೆ ಮುಂಗಡವನ್ನು ಕೊಡಕೂಡದು.

ನೀರು ಸಾಕಷ್ಟು ಇರುವುದೆಂದು ಖಚಿತವಾದ ಮೇಲೆ ಲೆಕ್ಕವು ಸುಲಭ. ಸೆಕೆಂಡಿಗೆ ಎತ್ತತಕ್ಕ ಲೀಟರುಗಳನ್ನು ಎತ್ತರದ ಮೀಟರುಗಳಿಂದ ಗುಣಿಸಿ 75ರಿಂದ ಭಾಗಿಸಿದರೆ ನೀರಿಗೆ ಬೇಕಾದ ಅಶ್ವಶಕ್ತಿಯು ಬರುವುದು. ಹಳ್ಳದ ನೀರು ಪಂಪಿಗಿಂತ 5 ಮೀಟರು ಕೆಳಗೆ, ಹೊಲದ ತೊಟ್ಟಿಯು 9 ಮೀಟರು ಮೇಲೆ ಇವೆಯೆಂದು ಇಟ್ಟುಕೊಳ್ಳೋಣ: ಒಟ್ಟು 14. ಮೂರು ಅಂಗುಲದ 60 ಮೀಟರು ಪಿ.ವಿ.ಸಿ. ಕೊಳವೆಯಲ್ಲಿ ಸೆಕೆಂಡಿಗೆ 8 ಲೀಟರು ಹರಿದರೆ ಘರ್ಷಣೆಯಿಂದ ಸುಮಾರು ಮೂರು ಮೀಟರಿನಷ್ಟು ಎತ್ತರವು ನಷ್ಟವಾಗುವುದು. ಫುಟ್ ವಾಲ್ವು, ಬಾಗುಗಳಿಗೆಂದು ಇನ್ನೊಂದು ಮೀಟರು ಸೇರಿಸಿದರೆ 18. ಎಂಟನ್ನು ಹದಿನೆಂಟರಿಂದ ಗುಣಿಸಿ 75ರಿಂದ ಭಾಗಿಸಲು 1.92 ಆಯಿತು. ಸಣ್ಣ ಪಂಪುಗಳು ತಾವು ಪಡೆದ ಶಕ್ತಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಮಾತ್ರ ನೀರಿಗೆ ಕೊಡುವುವು. ಆದುದರಿಂದ ಪಂಪಿನ ಶಾಫ್ಟಿಗೆ ಮೂರೂವರೆ ಅಶ್ವಶಕ್ತಿಯು ಬೇಕು. ಸಮುದ್ರಮಟ್ಟದಿಂದ ಎರಡು ಮೂರು ಸಾವಿರ ಅಡಿ ಮೇಲಿರುವ ನಮ್ಮ ಪ್ರಸ್ಥಭೂಮಿಯಲ್ಲಿ ಗಾಳಿಯು ತೆಳುವಾದುದರಿಂದ ಇಂಜಿನಿನ ಬಲವು ಹತ್ತರಲ್ಲೊಂದು ಪಾಲಿನವರೆಗೆ ಕುಗ್ಗುವುದು; ಬೇಸಗೆಯ ಬಿಸಿಲೂ ಕೂಡಿಕೊಳ್ಳುವುದು. ಕಾಲುಭಾಗ ಮೀಸಲಿಟ್ಟರೆ 5 ಅಶ್ವಶಕ್ತಿಯ ಇಂಜಿನು ಸಾಕು. ಅದು ಗಂಟೆಗೆ ಒಂದು ಲೀಟರಿಗೆ ತುಸು ಕಡಮೆ ಡೀಸಲನ್ನು ಕುಡಿದು, ಏಳು ಗಂಟೆಗಳಲ್ಲಿ ಒಂದು ಎಕರೆಗೆ ಎರಡು ಅಂಗುಲ ನೀರನ್ನು ಕೊಡುವುದು. ಮಣ್ಣಿನ ಕಾಲುವೆಯಲ್ಲಿ ಇಂಗುವುದು ಬೇರೆ ಲೆಕ್ಕ.

ಇದೇ ಕೆಲಸಕ್ಕೆ ಹಣ ಉಳಿಯಲೆಂದು ಎರಡು ಅಂಗುಲದ ಕೊಳವೆಯನ್ನು ಹಾಕಿದರೆ ಘರ್ಷಣೆಯೊಂದೇ ಸುಮಾರು 19 ಮೀಟರಾಗುವುದು. ಕೊಳವೆಯಲ್ಲಿ ಉಳಿಸಿದ ಹಣವನ್ನು ಎಣ್ಣೆಗೆ ಪ್ರತಿವರ್ಷವೂ ತೆರಬೇಕಾಗುವುದು. ಹಾಗೆಂದು ಅತಿ ದೊಡ್ಡ ಇಂಜಿನನ್ನು ತಂದು ಹಗುರವಾಗಿ ನಡೆಸುವುದೂ ಹಿತವಲ್ಲ. ಡೀಸಲು ಇಂಜಿನು ಬಹುಕಾಲ ಅರೆಹೊರೆಗಿಂತ ಕಡಮೆಯಲ್ಲಿ ನಡೆದರೆ ಎಣ್ಣೆಯು ಪೂರ್ತಿ ಉರಿಯದೆ ಮಸಿಯು ಕಟ್ಟುವುದು.

ಪೆಟ್ರೋಲು ಇಂಜಿನು ಹಗುರ, ಅಗ್ಗ. ಒಬ್ಬ ಆಳು ಎತ್ತಿಕೊಂಡು ಹೋಗಬಹುದು. ಅದೇ ಕೆಲಸಕ್ಕೆ ಎಣ್ಣೆಯನ್ನು ಮಾತ್ರ ಹೆಚ್ಚು ಬೇಡುವುದು. ವರ್ಷದಲ್ಲಿ ಕೆಲವೇ ದಿವಸ ನೀರು ಹಾಯಿಸುವವರಿಗೆ ಅದು ಒಪ್ಪುವುದು. ತಿಂಗಳುಗಟ್ಟಲೆ ನಡೆಸುವವರಿಗೆ ಡೀಸಲೇ ಲೇಸು. ಡೀಸಲಿನಲ್ಲಿ ಇಂಗ್ಲೆಂಡಿನ ಲಿಸ್ಟರ್ ಕಾರ್ಖಾನೆಯು ಹೊರತಂದ, ನಿಮಿಷಕ್ಕೆ 650 ಸುತ್ತಿನ ಭಾರಿ ಇಂಜಿನಿನ ಮಾದರಿಯವೂ ಇವೆ. 1,500 ಸುತ್ತಿನ ಹಗುರದವೂ ಇವೆ. ಒಂದೇ ಕಡೆ ಕಟ್ಟೆ ಕಟ್ಟಿ ಕೂರಿಸುವವರಿಗೆ ಮೊದಲನೆಯದು ಬಹುಕಾಲ ಬಾಳುವುದೆಂದು ನನ್ನ ಅಭಿಪ್ರಾಯ. ಎಡೆಯಿಂದೆಡೆಗೆ ಸಾಗಿಸುವವರು ಅದರ ಗೊಡವೆಗೆ ಹೋಗಬಾರದು. ಯಾವುದೇ ಆದರೂ ಪಂಪಿಗೆ ಗೊತ್ತುಪಡಿಸಿದ ವೇಗವನ್ನು ಮೀರಿಸಕೂಡದು: ವೇಗವನ್ನು ಐದರಲ್ಲೊಂದು ಪಾಲು ಏರಿಸಿದರೆ ಬೇಕಾಗುವ ಶಕ್ತಿಯು ಸುಮಾರು ಮುಕ್ಕಾಲು ಪಾಲು ಏರುವುದು. ನೀರಿನಿಂದ ತಣಿಯುವ ಇಂಜಿನಿಗೆ ಪಂಪಿನ ನೀರನ್ನೇ ಹಾಯಿಸಿದ್ದರೆ, ನೀರು ನಿಂತೊಡನೆ ಇಂಜಿನನ್ನೂ ನಿಲ್ಲಿಸತಕ್ಕದ್ದು. ಗಾಳಿಯಿಂದ ತಣಿಯುವುದರ ರೆಕ್ಕೆಗಳಲ್ಲಿ ಹೊಟ್ಟು ಧೂಳುಗಳು ತುಂಬದಂತೆ ನೋಡಿಕೊಳ್ಳತಕ್ಕದ್ದು.

ಪಂಪು ನೀರಿನ ಮಟ್ಟಕ್ಕಿಂತ 6 ಮೀಟರು, ಎಂದರೆ 20 ಅಡಿಗಿಂತ ಮೇಲಿರಬಾರದು. ಅದಕ್ಕಿಂತ ಆಳದಿಂದ ಹೀರುವುದು ದುಸ್ತರ. ನೀರು ಕೆಳಗಿಳಿದಾಗ ಕೆಲವರು ಇಂಜಿನನ್ನೇ ಬಾವಿಯೊಳಗಿನ ಕಟ್ಟೆಗೆ ಇಳಿಸುವರು. ಇದು ಪ್ರಾಣಕ್ಕೆ ಎರವಾಗುವ ಕೆಲಸ. ಇಂಜಿನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣ ವಾಸನೆಗಳಿಲ್ಲದ ವಿಷವಾಯುವಿರುವುದು. ಅದು ಬಾವಿಯಲ್ಲಿ ತುಂಬಿಕೊಂಡರೆ ಇಳಿದವನು ಕೂಗುವಷ್ಟರಲ್ಲಿಯೇ ಮೂರ್ಛೆ ಹೋಗುವನು, ಅವನನ್ನು ಎತ್ತಲೆಂದು ಇಳಿದವನೂ ಹಾಗೆಯೇ ಆಗುವನು. ಗ್ರಾಮದ ಮುಖಂಡರು ತಮ್ಮ ಊರಿನಲ್ಲಿ ಇದಕ್ಕೆ ಎಡೆಗೊಡಬಾರದು. ಅಂಥಾ ಅವಘಡವು ನಡೆದರೆ ಯಾರನ್ನೂ ಬಾವಿಗಿಳಿಯಗೊಡದೆ ಅಗ್ನಿಶಾಮಕ ದಳದವರನ್ನು ಕರೆಯಿಸತಕ್ಕದ್ದು. ಅಷ್ಟು ಆಳದ ನೀರಿಗೂ ಕೊಳವೆಬಾವಿಗಳಿಗೂ ನೀರಿನಲ್ಲಿ ಮುಳುಗಿ ನಡೆಯುವ ವಿದ್ಯುತ್ ಪಂಪೇ ತಕ್ಕುದು.

ಕೊಳ್ಳುವಾಗ ಐ.ಎಸ್.ಐ. ಗುರುತನ್ನೂ, ಬಿಡಿಭಾಗಗಳು ನಿಮ್ಮ ತಾಲ್ಲೂಕಿನ ಪೇಟೆಯಲ್ಲಿ ಸಿಕ್ಕುವುವೋ ಇಲ್ಲವೋ ಎಂಬುದನ್ನೂ ನೋಡಿರಿ. ಪೂರ್ತಿ ಹಣವನ್ನು ಕೊಡುವುದಕ್ಕೆ ಮುಂಚೆ ನಿಮ್ಮ ಹೊಲದಲ್ಲಿಯೇ, ನಿಮ್ಮ ಕೊಳವೆಗೇ ಜೋಡಿಸಿ ನಡೆಸಿ ತೋರಿಸಬೇಕೆಂದು ಕರಾರು ಮಾಡಿಕೊಳ್ಳಿರಿ. 200 ಲೀಟರಿನ ಪೀಪಾಯಿಯನ್ನು ಹರಿವಿನ ಕೆಳಗೆ ಹಿಡಿದು ಗಡಿಯಾರವನ್ನು ನೋಡಿದರಾಯಿತು. 25 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 8 ಲೀಟರು. 40 ಸೆಕೆಂಡು ಹಿಡಿದರೆ 5 ಮಾತ್ರ. ಕಡಮೆ ಬಂದಲ್ಲಿ ಮೊದಲು ಹೀರುವ ಕೊಳವೆಯ ಕೂಡುಗಳಲ್ಲಿ ಗಾಳಿಯು ನುಗ್ಗುತ್ತಿದೆಯೇ, ಫುಟ್ ವಾಲ್ವಿಗೆ ಕಸ ಕಟ್ಟಿದೆಯೇ ಎಂದು ಪರೀಕ್ಷಿಸಿ, ಆ ಮೇಲೆ ಇಂಜಿನಿನ ಮಾತೆತ್ತಬಹುದು.