ಕಾಗದದಲ್ಲಿ ಉಳಿದ ಕಪ್ಪೆಗಳು

ಮಕ್ಕಳೇ, ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ನಮ್ಮ ದಾಮರಗಿದ್ದದ ಕಡೆಯ ಕೆರೆ, ಹೊಂಡಗಳ ಬಳಿ ಯಾವ ಸದ್ದು ಕೇಳಿಸುತ್ತದೆ? ವಟವಟ ಎನ್ನುವ ಕಪ್ಪೆಗಳ ಕೂಗು ಅಲ್ಲವೇ? ಬೆಳಗಾದ ಮೇಲೆ ಹೋಗಿ ನೋಡಿದರೆ ಮೈಗೆಲ್ಲ ಅರಿಶಿನ ಬಳಿದುಕೊಂಡಂತಹ ದೊಡ್ಡ ಗಂಡುಕಪ್ಪೆಗಳು ನೀರಿನಲ್ಲಿ ಕುಳಿತಿರುತ್ತವೆ. ಕೆಲವು ದಿನಗಳಾದ ಮೇಲೆ ಆ ಬಣ್ಣ ಇಳಿದುಹೋಗುತ್ತದೆ. ಆಗ ಅವೇ ಕಪ್ಪೆಗಳನ್ನು ನೋಡಿ ‘ಇವು ಬೇರೆ ಕಪ್ಪೆಗಳು’ ಎಂದು ನೀವು ವಾದಿಸಿದರೂ ಆಶ್ಚರ್ಯವಿಲ್ಲ.

ಕನ್ನಡ ಮಾತನಾಡುವ ಮನೆಯಲ್ಲಿ ಅದು ಕಪ್ಪೆ. ಪಕ್ಕದ ತೆಲುಗು ಮನೆಯಲ್ಲಿ ಕಪ್ಪ. ಉರ್ದು ಮಾತನಾಡುವ ಮನೆಯಲ್ಲಿ ಮೇಂಡಕ್. ಒಂದೇ ಓಣಿಯಲ್ಲಿ ಮೂರು ಹೆಸರು! ಹಾಗಾದರೆ ಲೋಕದಲ್ಲಿ ಎಷ್ಟು ಹೆಸರುಗಳಿರಬಹುದು? ಈ ಗೊಂದಲ ಬೇಡವೆಂದು ವಿಜ್ಞಾನಿಗಳು ಪ್ರತಿಯೊಂದು ಜಾತಿಯ ಪ್ರಾಣಿಗೂ ಎಲ್ಲ ದೇಶಗಳಲ್ಲಿ ಸಲ್ಲುವ ಒಂದೇ ಹೆಸರನ್ನು ಇಡುತ್ತಾರೆ. ಅದರಲ್ಲಿ ಎರಡು ಪದಗಳಿರುತ್ತವೆ. ನಿಮ್ಮ ಮನೆತನದ ಹೆಸರು, ನಿಮ್ಮ ಸ್ವಂತ ಹೆಸರು ಇದ್ದಂತೆ.

ಹೊಸ ಪ್ರಾಣಿಗೆ ಹೆಸರಿಡುವುದು ಸುಲಭದ ಕೆಲಸವಲ್ಲ. ಅದಕ್ಕೆ ಎರಡು ವಸ್ತುಗಳು ಬೇಕು. ಮೊದಲನೆಯದು, ಸೀಸೆಯಲ್ಲಿ ಕೆಡದಂತೆ ಇಟ್ಟ ಒಂದು ಮಾದರಿ ಪ್ರಾಣಿ. ಎರಡನೆಯದು, ಅದು ಹೇಗಿದೆ, ಎಲ್ಲಿ ಸಿಕ್ಕಿತು, ಬೇರೆ ಪ್ರಾಣಿಗಳಿಗಿಂತ ಹೇಗೆ ಭಿನ್ನವಾಗಿದೆ ಎಂದು ಬರೆದು ಅಚ್ಚು ಮಾಡಿಸಿದ ವಿವರಣೆ. ಮುಂದೆ ಯಾರಿಗಾದರೂ ಅನುಮಾನ ಬಂದರೆ ಸೀಸೆಯನ್ನೂ ನೋಡಬಹುದು, ಕಾಗದವನ್ನೂ ಓದಬಹುದು. ಸೀಸೆಯೇ ಕಳೆದುಹೋದರೆ ಏನು ಗತಿ? ಹಾಗೆ ಕಳೆದುಹೋದ ಸೀಸೆಗಳ ಕಥೆಯನ್ನು ಈ ಪಾಠದಲ್ಲಿ ಓದೋಣ.

ಸಿ. ಆರ್. ನಾರಾಯಣರಾವ್ ಅವರು 1882ರಲ್ಲಿ ಜನಿಸಿದರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿ ಆ ವಿಭಾಗವನ್ನು ಕಟ್ಟಿ ಬೆಳೆಸಿದರು. 1932ರ ಜುಲೈ ತಿಂಗಳಲ್ಲಿ ಬೆಂಗಳೂರಿನಿಂದ ‘ಕರೆಂಟ್ ಸೈನ್ಸ್’ ಎಂಬ ವಿಜ್ಞಾನ ಪತ್ರಿಕೆ ಹೊರಟಾಗ ಅದರ ಮೊದಲ ಸಂಪಾದಕರೂ ಅವರೇ ಆದರು. ಈ ಪತ್ರಿಕೆಯ ಹೆಸರನ್ನು ನೆನಪಿನಲ್ಲಿಡಿರಿ, ಪಾಠದ ಕೊನೆಯಲ್ಲಿ ಮತ್ತೆ ಬರುತ್ತದೆ.

ನಾರಾಯಣರಾಯರಿಗೆ ಕಪ್ಪೆಗಳೆಂದರೆ ಬಹಳ ಆಸಕ್ತಿ. ಆ ಕಾಲದಲ್ಲಿ ನಮ್ಮ ದೇಶದ ಪ್ರಾಣಿಗಳಿಗೆ ಹೆಸರಿಟ್ಟವರಲ್ಲಿ ಹೆಚ್ಚಿನವರು ವಿದೇಶೀಯರು. ಮಾದರಿಗಳು ಹಡಗು ಹತ್ತಿ ಲಂಡನ್ ಮುಂತಾದ ಊರುಗಳಿಗೆ ಹೋಗುತ್ತಿದ್ದವು. ರಾಯರು ಪಶ್ಚಿಮ ಘಟ್ಟದ ಕಪ್ಪೆಗಳನ್ನು ಬೆಂಗಳೂರಿನಲ್ಲಿಯೇ ಪರೀಕ್ಷಿಸಿದರು. ಕೊಡಗಿನ ಬ್ರಹ್ಮಗಿರಿ ಬೆಟ್ಟದ ಜವುಗು ನೆಲದಲ್ಲಿ ಸಿಕ್ಕಿದ ಒಂದು ಇರುಳುಗಪ್ಪೆಯನ್ನು 1920ರಲ್ಲಿ ಲೋಕಕ್ಕೆ ಪರಿಚಯಿಸಿದರು. ಅದಕ್ಕೆ ‘ಪವಿತ್ರವಾದ ಜವುಗು’ ಎಂಬ ಅರ್ಥ ಬರುವ ಹೆಸರನ್ನು ಇಟ್ಟರು. 1937ರಲ್ಲಿ ಅವರು ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗೆಗೆ ಸುಮಾರು 40 ಪುಟಗಳ ಒಂದು ಲೇಖನ ಬರೆದರು. ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ 1934ರಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು.

ಕಪ್ಪೆಯ ಬಗೆಗೆ 40 ಪುಟ ಬರೆಯಲು ಏನಿದೆ ಎಂದು ಕೇಳುವಿರಾ? ಮೂಗಿನ ತುದಿಯಿಂದ ಹಿಂಭಾಗದವರೆಗೆ ಅದರ ಉದ್ದವೆಷ್ಟು? ತಲೆ ಅಗಲವೋ ಉದ್ದವೋ? ಬೆರಳುಗಳ ತುದಿ ಗುಂಡಗಿದೆಯೋ ಚೂಪಾಗಿದೆಯೋ? ಕಾಲ್ಬೆರಳುಗಳ ನಡುವಿನ ತೆಳುಚರ್ಮ ಎಲ್ಲಿಯವರೆಗಿದೆ? ನಾಲಗೆ ಹೇಗಿದೆ? ಬೆನ್ನು ನುಣುಪೋ ಒರಟೋ? ಕಪ್ಪೆಗಳನ್ನು ಬರೆದು ಗುರುತಿಸುವುದು ಹೀಗೆ. ರಾಯರು ಒಂದು ಕಪ್ಪೆಗೆ ‘ತೆಳುನಾಲಗೆಯದು’ ಎಂಬ ಅರ್ಥದ ಹೆಸರನ್ನೂ, ಇನ್ನೊಂದಕ್ಕೆ ‘ಉದ್ದಕಾಲಿನದು’ ಎಂಬ ಅರ್ಥದ ಹೆಸರನ್ನೂ ಕೊಟ್ಟರು. ಹಾಸನ ಜಿಲ್ಲೆಯ ಕೆಂಪುಹೊಳೆ ಘಟ್ಟದ ಒಂದು ಕಪ್ಪೆಗೆ ಹೊಳೆಯ ಹೆಸರನ್ನೇ ಸೇರಿಸಿ ‘ಕೆಂಪ್‌ಹೊಳೆಯೆನ್ಸಿಸ್’ ಎಂದರು. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಕಪ್ಪೆ ‘ಕೊಟ್ಟಿಗೆಹಾರೆನ್ಸಿಸ್’ ಆಯಿತು. ‘ಎನ್ಸಿಸ್’ ಎಂದರೆ ‘ಆ ಊರಿನದು’ ಎಂದು ಅರ್ಥ. ನಮ್ಮ ಊರಿನಲ್ಲಿ ಹೊಸ ಕಪ್ಪೆ ಸಿಕ್ಕಿದ್ದರೆ ಅದರ ಹೆಸರು ಏನಾಗುತ್ತಿತ್ತು? ನೀವೇ ಹೇಳಿರಿ.

ಕೊಟ್ಟಿಗೆಹಾರ ನಮಗೆ ತೀರ ದೂರದ ಊರೆಂದು ತಿಳಿಯಬೇಡಿರಿ. ತುಂಗಾ, ಭದ್ರಾ ನದಿಗಳು ಹುಟ್ಟುವ ಗಂಗಾಮೂಲವೂ ಅದೇ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ. ಆ ನೀರೇ ತುಂಗಭದ್ರೆಯಾಗಿ ಗದ್ವಾಲ ಸೀಮೆಯ ದಕ್ಷಿಣದ ಅಂಚಿನಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತದೆ.

ಕೊಟ್ಟಿಗೆಹಾರದ ಈ ಪುಟ್ಟ ಕಪ್ಪೆ ನಿಮ್ಮ ಹೆಬ್ಬೆರಳಿಗಿಂತ ದೊಡ್ಡದಲ್ಲ. ಅದು ಹರಿಯುವ ಹಳ್ಳದ ಬಂಡೆಗಳ ಮೇಲೆ ವಾಸಿಸುತ್ತದೆ. ನೀರಿನ ಸದ್ದಿನಲ್ಲಿ ಅದರ ಕೂಗು ಸರಿಯಾಗಿ ಕೇಳಿಸದು. ಆದ್ದರಿಂದ ಗಂಡುಕಪ್ಪೆ ಹಿಂಗಾಲನ್ನು ಪಕ್ಕಕ್ಕೆ ಚಾಚಿ, ಬೆರಳುಗಳನ್ನು ಬಿಡಿಸಿ, ಬಾವುಟದಂತೆ ಬೀಸುತ್ತದೆ. ‘ಇದು ನನ್ನ ಜಾಗ, ಹತ್ತಿರ ಬರಬೇಡ’ ಎಂದು ಇನ್ನೊಂದು ಗಂಡಿಗೆ ಅದು ಹೇಳುವ ರೀತಿ ಇದು. ಇಂತಹ ಕಪ್ಪೆಗಳನ್ನು ಕುಣಿಯುವ ಕಪ್ಪೆಗಳು ಎನ್ನುವರು.

ರಾಯರು 1937ರಲ್ಲಿ ವಿವರಿಸಿದ ಕಪ್ಪೆಗಳ ಮಾದರಿಗಳನ್ನು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿ ಇಡಲಾಗಿತ್ತು. 1960ರಲ್ಲಿ ರಾಯರು ತೀರಿಕೊಂಡರು. ಕಾಲ ಸರಿಯಿತು. ಮುಂದೆ ವಿಜ್ಞಾನಿಗಳು ಆ ಮಾದರಿಗಳನ್ನು ನೋಡಬೇಕೆಂದು ಹುಡುಕಿದಾಗ ಅವು ದೊರೆಯಲಿಲ್ಲ. ಅವು ಕಳೆದುಹೋಗಿವೆ ಎಂದು ಪುಸ್ತಕಗಳಲ್ಲಿ ದಾಖಲಾಯಿತು.

ಇದನ್ನು ಮೊದಲ ಸಲ ಓದಿದಾಗ ನನಗೆ ನನ್ನ ಬಾಲ್ಯದ ಶಾಲೆಯ ಕಪಾಟು ನೆನಪಾಯಿತು. ಅದರಲ್ಲಿ ಒಂದು ಗಾಜಿನ ಸೀಸೆಯಿತ್ತು. ಒಳಗೆ ಬಿಳಿಚಿಕೊಂಡ ಯಾವುದೋ ಪ್ರಾಣಿ. ಹೊರಗೆ ಅಂಟಿಸಿದ ಚೀಟಿಯ ಮೇಲಿನ ಮಸಿ ಹರಡಿ, ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ಗೆಳೆಯನೊಬ್ಬ ಹಾವಿನ ಮರಿ ಎಂದ. ನಾನು ಮೀನು ಎಂದೆ. ಮೇಷ್ಟ್ರನ್ನು ಕೇಳಿದರೆ ಅವರಿಗೂ ತಿಳಿಯದು. ಯಾರೋ ಕಷ್ಟಪಟ್ಟು ಹಿಡಿದು ತಂದು ಇಟ್ಟ ಆ ಜೀವ ಯಾವುದೆಂದು ನನಗೆ ಇಂದಿಗೂ ಗೊತ್ತಿಲ್ಲ. ಅಲ್ಲಿ ಸೀಸೆ ಉಳಿದಿತ್ತು, ಬರಹ ಹೋಗಿತ್ತು. ರಾಯರ ಕಪ್ಪೆಗಳ ವಿಷಯದಲ್ಲಿ ಸೀಸೆಗಳು ಹೋಗಿದ್ದವು, ಬರಹ ಉಳಿದಿತ್ತು.

ಆ ಬರಹವನ್ನು ಹಿಡಿದುಕೊಂಡೇ ಹುಡುಕಾಟ ನಡೆಯಿತು. ದೆಹಲಿ ವಿಶ್ವವಿದ್ಯಾಲಯದ ಎಸ್. ಡಿ. ಬಿಜು ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಪಶ್ಚಿಮ ಘಟ್ಟದಲ್ಲಿ ಕಪ್ಪೆಗಳನ್ನು ಹುಡುಕಿದರು. ಇರುಳುಗಪ್ಪೆಗಳು ಹೆಚ್ಚಾಗಿ ರಾತ್ರಿಯಲ್ಲಿ ಚುರುಕಾಗುತ್ತವೆ. ಅವನ್ನು ಕಾಣಬೇಕಾದರೆ ಮಳೆಯಲ್ಲಿ, ಕತ್ತಲಲ್ಲಿ, ಜಿಗಣೆಗಳ ನಡುವೆ, ಜಾರುವ ಬಂಡೆಗಳ ಮೇಲೆ ದೀಪ ಹಿಡಿದು ಹೋಗಬೇಕು. 2011ರಲ್ಲಿ ಅವರು 12 ಹೊಸ ಜಾತಿಯ ಇರುಳುಗಪ್ಪೆಗಳನ್ನು ಪ್ರಕಟಿಸಿದರು. ಅದರ ಜೊತೆಗೆ, ಕಾಣೆಯಾಗಿವೆ ಎಂದುಕೊಂಡಿದ್ದ ಮೂರು ಜಾತಿಗಳು ಮತ್ತೆ ಸಿಕ್ಕಿವೆ ಎಂದು ತಿಳಿಸಿದರು. ಒಂದು ಕೊಡಗಿನ ಇರುಳುಗಪ್ಪೆ, ಅದು ಸಿಕ್ಕಿದ್ದು 91 ವರ್ಷಗಳ ನಂತರ. ಇನ್ನೊಂದು ಕೆಂಪುಹೊಳೆಯ ಇರುಳುಗಪ್ಪೆ. ಮತ್ತೊಂದು ಕಾಡಿನ ಇರುಳುಗಪ್ಪೆ. ಇವೆರಡೂ ಸುಮಾರು 75 ವರ್ಷಗಳ ನಂತರ ದೊರೆತವು. ಮೂರೂ ನಾರಾಯಣರಾಯರು ಹೆಸರಿಟ್ಟ ಕಪ್ಪೆಗಳೇ! ಕಪ್ಪೆಗಳು ಎಲ್ಲಿಗೂ ಹೋಗಿರಲಿಲ್ಲ. ಅವನ್ನು ಕೇಳಿಕೊಂಡು ಹೋದವರು ಇರಲಿಲ್ಲ, ಅಷ್ಟೆ.

ಬರಹದಿಂದ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ರಾಯರ ಕೆಲವು ವಿವರಣೆಗಳು ಚಿಕ್ಕವು. ಅಂತಹ ಕಪ್ಪೆಗಳಲ್ಲಿ ಯಾವುದು ಯಾವುದೆಂದು ವಿಜ್ಞಾನಿಗಳು ಇಂದಿಗೂ ಚರ್ಚಿಸುತ್ತಾರೆ. ಇನ್ನೆರಡು ಸಾಲು ಹೆಚ್ಚು ಬರೆದಿದ್ದರೆ ಎಂದು ಅವರಿಗೆ ಅನ್ನಿಸುತ್ತಿರಬಹುದು.

ವಿಜ್ಞಾನಿಗಳು ಅಚ್ಚಾದ ಲೇಖನಗಳನ್ನಷ್ಟೇ ಅಲ್ಲದೆ ಟಿಪ್ಪಣಿ ಪುಸ್ತಕ, ಕಾಗದಪತ್ರ, ಚಿತ್ರ, ಲೆಕ್ಕದ ಹಾಳೆಗಳನ್ನೂ ಬಿಟ್ಟುಹೋಗುತ್ತಾರೆ. ಮನೆಯವರು ಅವನ್ನು ರದ್ದಿಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ಅವನ್ನು ಕಾಪಾಡುವುದಕ್ಕೆಂದೇ ದಾಖಲೆ ಸಂಗ್ರಹಾಲಯಗಳಿವೆ. ಜೀವವಿಜ್ಞಾನಕ್ಕೆ ಸಂಬಂಧಿಸಿದ ಇಂತಹ ಒಂದು ಸಂಗ್ರಹಾಲಯ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ತೆರೆಯಿತು. ಇಂತಹ ಸ್ಥಳಗಳಲ್ಲಿ ಕಾಗದಗಳನ್ನು ವಿಂಗಡಿಸಿ, ಪೆಟ್ಟಿಗೆಗಳಲ್ಲಿಟ್ಟು, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು ಪಟ್ಟಿ ಮಾಡುತ್ತಾರೆ. ಓದಲು ಬಂದವರು ತಿಂಡಿ, ನೀರು ಒಳಗೆ ತರಬಾರದು. ಮಸಿಯ ಲೇಖನಿಯನ್ನೂ ತರಬಾರದು, ಪೆನ್ಸಿಲ್ ಮಾತ್ರ ತರಬಹುದು. ಮಸಿ ಚೆಲ್ಲಿದರೆ ಹಳೆಯ ಹಾಳೆ ಹಾಳಾಗುವುದಲ್ಲವೇ? ಸೀಸೆಯೊಳಗೆ ಹಾಕುವ ಚೀಟಿಯನ್ನೂ ಪೆನ್ಸಿಲಿನಲ್ಲಿ ಬರೆಯುವುದುಂಟು. ಏಕೆಂದರೆ ಸ್ಪಿರಿಟ್ಟಿನಲ್ಲಿ ಸಾಮಾನ್ಯ ಮಸಿ ಕರಗುತ್ತದೆ, ಪೆನ್ಸಿಲಿನ ಗೀಟು ಕರಗುವುದಿಲ್ಲ. ನನ್ನ ಶಾಲೆಯ ಸೀಸೆಗೆ ಚೀಟಿ ಬರೆದವರಿಗೆ ಈ ಸಂಗತಿ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು!

ಇನ್ನು ಎರಡು ಹೆಸರುಗಳ ಸಂಗತಿ ಹೇಳುತ್ತೇನೆ. ನಾರಾಯಣರಾಯರ ಬಳಿ ಬಿ. ಆರ್. ಶೇಷಾಚಾರ್ ಎಂಬ ಶಿಷ್ಯರಿದ್ದರು. ಅವರು ಮುಂದೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. 1937ರಲ್ಲಿ ಒಂದು ಪುಟ್ಟ ಪೊದೆಗಪ್ಪೆಗೆ ಹೆಸರಿಡುವಾಗ ರಾಯರು ‘ಚಾರಿಯಸ್’ ಎಂದು ಇಟ್ಟರು. ಅದನ್ನು ಇಂದು ‘ಶೇಷಾಚಾರ್ ಪೊದೆಗಪ್ಪೆ’ ಎಂದು ಕರೆಯುತ್ತಾರೆ. ಗುರುಗಳ ಹೆಸರನ್ನು ಶಿಷ್ಯರು ಉಳಿಸುವುದನ್ನು ನಾವು ಕೇಳಿದ್ದೇವೆ. ಇಲ್ಲಿ ಶಿಷ್ಯನ ಹೆಸರನ್ನು ಗುರುಗಳು ಉಳಿಸಿದರು.

ಗುರುಗಳ ಸರದಿಯೂ ಬಂದಿತು. ಪಶ್ಚಿಮ ಘಟ್ಟದಲ್ಲಿ ಹೆಚ್ಚಾಗಿ ಕಾಣಸಿಗುವ ಈ ಪುಟ್ಟ ಪೊದೆಗಪ್ಪೆಗಳು ಒಂದು ಬೇರೆಯೇ ಬಳಗವೆಂದು ವಿಜ್ಞಾನಿಗಳು ಕಂಡುಕೊಂಡರು. ಇವುಗಳ ಮೊಟ್ಟೆಯಿಂದ ಬಾಲವುಳ್ಳ ಗೊದಮೊಟ್ಟೆ ಹೊರಬರುವುದಿಲ್ಲ, ನೇರವಾಗಿ ಸಾಸಿವೆಯಂತಹ ಕಪ್ಪೆಮರಿಯೇ ಹೊರಬರುತ್ತದೆ! 2010ರಲ್ಲಿ ಈ ಬಳಗಕ್ಕೆ ನಾರಾಯಣರಾಯರ ನೆನಪಿಗಾಗಿ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಟ್ಟರು. ಅದರ ಮೊದಲಲ್ಲಿ ‘ರಾವ್’ ಎಂಬುದು ಕೇಳಿಸಿತೇ? ಈಗ ಶೇಷಾಚಾರ್ ಪೊದೆಗಪ್ಪೆಯ ಪೂರ್ಣ ಹೆಸರು ‘ರಾವೋರ್ಕೆಸ್ಟಿಸ್ ಚಾರಿಯಸ್’. ಗುರು ಮತ್ತು ಶಿಷ್ಯ ಒಂದೇ ಕಪ್ಪೆಯ ಹೆಸರಿನಲ್ಲಿ ಅಕ್ಕಪಕ್ಕದಲ್ಲಿ ಕುಳಿತಿದ್ದಾರೆ. ಆ ಹೊಸ ಹೆಸರು ಅಚ್ಚಾದ ಪತ್ರಿಕೆ ಯಾವುದು ಬಲ್ಲಿರಾ? ‘ಕರೆಂಟ್ ಸೈನ್ಸ್’.

ಪದಗಳ ಅರ್ಥ

ಪ್ರಾಧ್ಯಾಪಕ – ಕಾಲೇಜಿನಲ್ಲಿ ಪಾಠ ಹೇಳುವ ಹಿರಿಯ ಅಧ್ಯಾಪಕ
ಜವುಗು – ಯಾವಾಗಲೂ ನೀರು ಜಿನುಗುವ ಕೆಸರುನೆಲ
ಮಾದರಿ – ಗುರುತಿಗಾಗಿ ಕಾಪಾಡಿ ಇಟ್ಟ ವಸ್ತು ಅಥವಾ ಪ್ರಾಣಿ
ಗೊದಮೊಟ್ಟೆ – ನೀರಿನಲ್ಲಿ ಈಜುವ, ಬಾಲವುಳ್ಳ ಕಪ್ಪೆಯ ಮರಿ

ಅಭ್ಯಾಸ

ಅ) ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹೊಸ ಪ್ರಾಣಿಗೆ ಹೆಸರಿಡಲು ಯಾವ ಎರಡು ವಸ್ತುಗಳು ಬೇಕು?
2. ಕೊಟ್ಟಿಗೆಹಾರದ ಕಪ್ಪೆ ಹಿಂಗಾಲನ್ನು ಏಕೆ ಬೀಸುತ್ತದೆ?
3. ಸೀಸೆಯೊಳಗಿನ ಚೀಟಿಯನ್ನು ಪೆನ್ಸಿಲಿನಲ್ಲಿ ಏಕೆ ಬರೆಯುತ್ತಾರೆ?

ಆ) ಸೀಸೆ ಕಳೆದುಹೋಗುವುದು, ಬರಹ ಕಳೆದುಹೋಗುವುದು – ಇವೆರಡರಲ್ಲಿ ಯಾವುದು ಹೆಚ್ಚಿನ ನಷ್ಟ? ನಿಮ್ಮ ತರಗತಿಯಲ್ಲಿ ಎರಡು ಗುಂಪುಗಳಾಗಿ ಚರ್ಚಿಸಿರಿ.

ಇ) ಮಾಡಿ ನೋಡಿರಿ: ಮಳೆ ಬಂದ ಮರುದಿನ ಹಿರಿಯರ ಜೊತೆಗೆ ಕೆರೆಯ ದಡಕ್ಕೆ ಹೋಗಿ ಒಂದು ಕಪ್ಪೆಯನ್ನು ದೂರದಿಂದ ಗಮನಿಸಿರಿ. ಹಿಡಿಯಬೇಡಿರಿ, ಕಲ್ಲು ಎಸೆಯಬೇಡಿರಿ. ಅದರ ಬಣ್ಣ, ಗಾತ್ರ, ಕೂಗು, ಕುಳಿತ ಜಾಗ ಇವನ್ನು ದಿನಾಂಕ ಹಾಕಿ ಹತ್ತು ವಾಕ್ಯಗಳಲ್ಲಿ ಬರೆಯಿರಿ. ಆ ಹಾಳೆಯನ್ನು ಗೆಳೆಯನಿಗೆ ಕೊಟ್ಟು, ಅದನ್ನು ಓದಿ ಅವನು ಅದೇ ಬಗೆಯ ಕಪ್ಪೆಯನ್ನು ಗುರುತಿಸಬಲ್ಲನೇ ನೋಡಿರಿ.