ಬೆಳುವಾಯಿಯಿಂದ ಗಲ್ಫಿಗೆ ಹೋದವರ ದಿನದ ಲೆಕ್ಕ



ಬೆಳುವಾಯಿ, ಮೂಡುಬಿದಿರೆ, ಬೆಳ್ತಂಗಡಿ ಕಡೆಯಿಂದ ದುಬೈ, ಅಬುಧಾಬಿಗಳಿಗೆ ದುಡಿಯಲು ಹೋಗಿ, ಅಲ್ಲಿ ಸ್ವಂತ ವ್ಯವಹಾರ ಕಟ್ಟಿ, ಊರಿನಲ್ಲೂ ಆಸ್ತಿ ಮಾಡಿದವರಲ್ಲಿ, ಒಮ್ಮೆ ಎನ್‌ಆರ್‌ಐ ಆದವರು ಖಾಯಂ ಆಗಿ ಮರಳುವವರೆಗೂ ಎನ್‌ಆರ್‌ಐ ಆಗಿಯೇ ಇರುತ್ತಾರೆಂಬ ನಂಬಿಕೆ ಬೇರೂರಿದೆ. ಭಾರತದ ಆದಾಯ ತೆರಿಗೆ ಕಾನೂನು ಹಾಗೆ ಹೇಳುವುದಿಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಒಂದೊಂದು ವರ್ಷಕ್ಕೂ, ಮುಖ್ಯವಾಗಿ ಭಾರತದಲ್ಲಿದ್ದ ದಿನಗಳನ್ನು ಎಣಿಸಿ, ವ್ಯಕ್ತಿಯು ತೆರಿಗೆಯ ದೃಷ್ಟಿಯಲ್ಲಿ ನಿವಾಸಿಯೋ ಅನಿವಾಸಿಯೋ ಎಂಬುದನ್ನು ಅದು ಹೊಸದಾಗಿ ನಿರ್ಧರಿಸುತ್ತದೆ.

ಊರಿಗೆ ಬಂದುಹೋಗುವ ಭಾರತೀಯ ಪ್ರಜೆಗೆ ಸಾಮಾನ್ಯ ಮಿತಿ 182 ದಿನ. ಆದರೆ 2020ರ ತಿದ್ದುಪಡಿಯ ಪ್ರಕಾರ, ವಿದೇಶಿ ಮೂಲಗಳನ್ನು ಬಿಟ್ಟು ಉಳಿದ ಆದಾಯ, ಅಂದರೆ ಇಲ್ಲಿಯ ಕಟ್ಟಡದ ಬಾಡಿಗೆ, ಬ್ಯಾಂಕ್ ಬಡ್ಡಿ, ಷೇರಿನ ಲಾಭ ಮುಂತಾದವು, 15 ಲಕ್ಷ ರೂಪಾಯಿ ಮೀರಿದರೆ, ಮತ್ತು ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದಿದ್ದರೆ, ಆ ಮಿತಿ 120 ದಿನಕ್ಕೆ ಇಳಿಯುತ್ತದೆ. ಅಡಿಕೆ ತೋಟದ ಉತ್ಪತ್ತಿ ಕೃಷಿ ಆದಾಯವಾದ್ದರಿಂದ ಈ 15 ಲಕ್ಷದಲ್ಲಿ ಸೇರುವುದಿಲ್ಲ ಎಂಬುದನ್ನು ಬಹಳ ಮಂದಿ ಮರೆತು ವೃಥಾ ಗಾಬರಿಯಾಗುತ್ತಾರೆ.

ದಿನಗಳ ಎಣಿಕೆಯಲ್ಲಿ ಎಡವುವುದು ಹೆಚ್ಚಾಗಿ ನೇಮ, ಕಂಬಳ, ಮದುವೆಗಳ ಕಾಲದಲ್ಲಿ. ಜನವರಿ 15ಕ್ಕೆ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದು, ಆ ಋತುವಿನ ಕೊನೆಯ ದಿನವಾದ ಪತ್ತನಾಜೆ ಮುಗಿಸಿ ಮೇ 24ಕ್ಕೆ ಹೊರಟವರು ಲೀಪ್ ಇಲ್ಲದ ವರ್ಷದಲ್ಲಿ 130 ದಿನ ಊರಿನಲ್ಲಿದ್ದಂತಾದರೂ, ಮಾರ್ಚ್ 31ಕ್ಕೆ ಆ ವಾಸ ಎರಡು ಪಾಲಾಗಿ, 76 ದಿನ ಹಳೆಯ ವರ್ಷಕ್ಕೂ 54 ದಿನ ಹೊಸ ವರ್ಷಕ್ಕೂ ಸಲ್ಲುತ್ತದೆ. ಹಳೆಯ ವರ್ಷದ ದೀಪಾವಳಿಗೂ ಬಂದು ಒಂದೂವರೆ ತಿಂಗಳು ನಿಂತಿದ್ದರೆ ಅದು ಈ 76 ದಿನಕ್ಕೆ ಸೇರಿ ಒಟ್ಟು ಲೆಕ್ಕ 120ನ್ನು ದಾಟಿಬಿಡುತ್ತದೆ. ಬಂದ ದಿನ, ಹೋದ ದಿನ ಎರಡನ್ನೂ ಎಣಿಸಿಕೊಳ್ಳುವುದೇ ಸುರಕ್ಷಿತ.

ಹೀಗೆ 120 ದಾಟಿ 182ರೊಳಗೆ ಉಳಿದವರು 'ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ' ಎಂಬ ನಡುವಣ ವರ್ಗಕ್ಕೆ ಸೇರುತ್ತಾರೆ. ಅವರ ವಿದೇಶಿ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆಯಿಲ್ಲ, ಆದರೆ ಭಾರತದಿಂದ ನಿಯಂತ್ರಿಸಲ್ಪಡುವ ವ್ಯವಹಾರದ ಆದಾಯಕ್ಕೆ ಇದೆ. ತಿಂಗಳುಗಟ್ಟಲೆ ಮನೆಯ ಚಾವಡಿಯಲ್ಲಿ ಕುಳಿತು ಫೋನಿನಲ್ಲೇ ದುಬೈಯ ಅಂಗಡಿ ನಡೆಸುವವರು ಯೋಚಿಸಬೇಕಾದದ್ದು ಇಲ್ಲಿ.

ಯಾವ ದೇಶದಲ್ಲೂ ತೆರಿಗೆಗೆ ಒಳಪಡದ, ಇಲ್ಲಿ 15 ಲಕ್ಷ ಮೀರಿ ಗಳಿಸುವ ಭಾರತೀಯ ಪ್ರಜೆ ಒಂದು ದಿನವೂ ಭಾರತಕ್ಕೆ ಬಾರದಿದ್ದರೂ ಇದೇ ನಡುವಣ ವರ್ಗದ ನಿವಾಸಿಯೆಂದು ಪರಿಗಣಿತನಾಗುತ್ತಾನೆ. ಸಂಬಳದ ಮೇಲೆ ತೆರಿಗೆಯಿಲ್ಲದ ಎಮಿರೇಟ್ಸ್‌ನಲ್ಲಿರುವವರಿಗೆ ಇದು ಆತಂಕ ತಂದಾಗ, ಕೊಲ್ಲಿ ರಾಷ್ಟ್ರಗಳಲ್ಲಿ ಪ್ರಾಮಾಣಿಕವಾಗಿ ದುಡಿಯುವವರ ಅಲ್ಲಿಯ ಗಳಿಕೆಗೆ ಇಲ್ಲಿ ತೆರಿಗೆ ಹಾಕುವ ಉದ್ದೇಶವಿಲ್ಲವೆಂದು ಸರಕಾರ 2020ರ ಫೆಬ್ರವರಿಯಲ್ಲೇ ಸ್ಪಷ್ಟಪಡಿಸಿತು. ಈ ನಿಯಮ ನ್ಯಾಯವಾದದ್ದು: ಊರಿನ ರಸ್ತೆ, ಶಾಲೆ, ನ್ಯಾಯಾಲಯಗಳ ಆಸರೆಯಲ್ಲಿ ಇಲ್ಲಿ ಸಂಪತ್ತು ಬೆಳೆಸಿದವರು ಎಲ್ಲಿಯೂ ಯಾರಿಗೂ ಲೆಕ್ಕ ಕೊಡದಿರುವುದು ಸರಿಯಲ್ಲ.

ಆದ್ದರಿಂದ ಮುಂದಿನ ಟಿಕೆಟು ಕಾಯ್ದಿರಿಸುವ ಮೊದಲು ಪಾಸ್‌ಪೋರ್ಟಿನ ಮೊಹರುಗಳಿಂದ ಐದು ವರ್ಷಗಳ ಬಂದು ಹೋದ ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಎಮಿರೇಟ್ಸ್‌ನ ತೆರಿಗೆ ನಿವಾಸ ಪ್ರಮಾಣಪತ್ರವನ್ನೂ ಪಡೆದುಕೊಂಡು, ಎರಡನ್ನೂ ಲೆಕ್ಕಪರಿಶೋಧಕರಿಗೆ ತೋರಿಸಬೇಕೆಂಬುದು ಈ ಪತ್ರದ ಕೋರಿಕೆ.