ಮೂಗಿನ ಡ್ರಾಪ್ಸ್ ಬಿಡಲಾಗುತ್ತಿಲ್ಲ

ಡಾಕ್ಟರೇ, ನನಗೆ 34 ವರ್ಷ. ಕಳೆದ ದಸರೆಯಲ್ಲಿ ನೆಗಡಿಯಾದಾಗ ಮೆಡಿಕಲ್ ಶಾಪಿನಿಂದ ಮೂಗಿನ ಡ್ರಾಪ್ಸ್ ತಂದೆ. ನೆಗಡಿ ವಾರದಲ್ಲೇ ಹೋಯಿತು, ಡ್ರಾಪ್ಸ್ ಮಾತ್ರ ಇವತ್ತಿಗೂ ಬಿಡಲಾಗಿಲ್ಲ. ರಾತ್ರಿ ಎರಡೆರಡು ಸಲ ಎದ್ದು ಹಾಕಿಕೊಳ್ಳುತ್ತೇನೆ. ಮೂಗು ಹಿಂಡಿ ಹಿಂಡಿ ಸಾಕಾಯಿತು, ಸಿಂಬಳವೇ ಬರುವುದಿಲ್ಲ. ಒಳಗೆ ಗೆಡ್ಡೆ ಬೆಳೆದಿದೆಯೇ? ಯಜಮಾನರು ‘ಇದೊಂದು ಚಟ’ ಎನ್ನುತ್ತಾರೆ.
– ಗೃಹಿಣಿ, ತುಮಕೂರು

ಅಮ್ಮಾ, ಹಿಂಡಿದರೂ ಏನೂ ಬರುವುದಿಲ್ಲ ಎಂದಿರಲ್ಲ, ವಿಷಯ ಇರುವುದೇ ಅಲ್ಲಿ. ಕಟ್ಟಿದ ಮೂಗಿನಲ್ಲಿ ಸಿಂಬಳ ತುಂಬಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಬಹಳ ಸಲ ಅಲ್ಲಿರುವುದು ಬಾವು. ಮೂಗಿನ ಒಳಗೆ ಎರಡೂ ಕಡೆ ರಕ್ತನಾಳ ತುಂಬಿದ ಮೆತ್ತನೆಯ ಮಡಿಕೆಗಳಿವೆ. ಅವು ಉಬ್ಬಿದರೆ ಗಾಳಿಗೆ ದಾರಿಯಿಲ್ಲ. ಮಲಗಿದಾಗ ಇನ್ನಷ್ಟು ಉಬ್ಬುತ್ತವೆ.

ಬಾಟಲಿಯ ಮೇಲೆ ಓದಿ ನೋಡಿ, ಕ್ಸೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್ ಎಂದಿರಬಹುದು. ಅದು ಆ ನಾಳಗಳನ್ನು ಕುಗ್ಗಿಸಿ ಕೆಲವೇ ನಿಮಿಷದಲ್ಲಿ ಮೂಗು ಬಿಡಿಸುತ್ತದೆ. ಐದು ದಿನಕ್ಕಿಂತ ಹೆಚ್ಚು ಹಾಕಿದರೆ, ಮದ್ದಿನ ಬಲ ಇಳಿದೊಡನೆ ಮಡಿಕೆಗಳು ಮೊದಲಿಗಿಂತ ಜಾಸ್ತಿ ಊದುತ್ತವೆ. ಮತ್ತೆ ಹಾಕುತ್ತೀರಿ, ಮತ್ತೆ ಊದುತ್ತವೆ. ಈಗ ಮೂಗು ಕಟ್ಟಿಸುತ್ತಿರುವುದು ಆ ಮದ್ದೇ. ನಿಮ್ಮ ತಪ್ಪೇನೂ ಇಲ್ಲ, ಯಜಮಾನರಿಗೂ ಈ ಪುಟ ಓದಲು ಕೊಡಿ.

ಬಿಡಿಸಲು ನಾನು ಹೇಳುವ ದಾರಿ ಒಂದೊಂದೇ ಹೊಳ್ಳೆಯದು. ಇಂದಿನಿಂದ ಬಲ ಹೊಳ್ಳೆಗೆ ನಿಲ್ಲಿಸಿ, ಎಡಕ್ಕೆ ಮಾತ್ರ ಹಾಕಿ. ಒಂದು ಕಡೆ ಉಸಿರಾಡುತ್ತಿದ್ದರೆ ನಡುರಾತ್ರಿ ಗಾಬರಿಯಾಗುವುದಿಲ್ಲ. ಎಡ ಮಗ್ಗುಲಿಗೆ ಮಲಗಿ, ಏಕೆಂದರೆ ಕೆಳಗಾದ ಹೊಳ್ಳೆಯೇ ಹೆಚ್ಚು ಕಟ್ಟುವುದು. ಬಲಗಡೆ ತಾನಾಗಿ ಬಿಟ್ಟ ಮೇಲೆ ಎಡಕ್ಕೂ ನಿಲ್ಲಿಸಿ.

ಜೊತೆಗೆ ಇಎನ್‌ಟಿ ವೈದ್ಯರನ್ನು ಕಂಡು ಫ್ಲುಟಿಕಾಸೋನ್‌ನಂಥ ಸ್ಟಿರಾಯ್ಡ್ ಸ್ಪ್ರೇ ಬಗ್ಗೆ ಕೇಳಿ. ಹೆಸರು ಕೇಳಿ ಹೆದರಬೇಡಿ, ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಆದರೆ ಹಾಕಿದ ಕೂಡಲೇ ಮೂಗು ಬಿಡುವುದಿಲ್ಲ, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ತಲೆ ತುಸು ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಾಕಿ. ಆಗ ತುದಿ ತಾನೇ ಕಿವಿಯ ಕಡೆ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ರಕ್ತ ಒಸರಬಹುದು. ಗೆಡ್ಡೆಯ ಸಂಶಯವನ್ನೂ ಅವರು ಅಲ್ಲೇ ನೋಡಿ ಹೇಳುತ್ತಾರೆ. ಒಂದೇ ಕಡೆ ಸದಾ ಕಟ್ಟುವುದು, ರಕ್ತ, ಕೆಟ್ಟ ವಾಸನೆ, ಇವುಗಳಲ್ಲಿ ಒಂದಿದ್ದರೂ ತಡಮಾಡಬೇಡಿ. ಬಿಪಿಯನ್ನೂ ನೋಡಿಸಿ, ಈ ಡ್ರಾಪ್ಸ್ ಅದನ್ನು ಏರಿಸಬಲ್ಲದು.

ಉಪ್ಪುನೀರಿನಿಂದ ಮೂಗು ತೊಳೆಯುವುದು ಒಳ್ಳೆಯದೇ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು ಸಾಕು. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಿರಲಿ. ನಲ್ಲಿ ನೀರಿನ ಅಮೀಬಾ ಮೂಗಿನಿಂದ ಮಿದುಳಿಗೇರಿ ಜೀವ ತೆಗೆದದ್ದುಂಟು, ಅಪರೂಪವಾದರೂ. ವಿಕ್ಸ್ ಹಚ್ಚಿದರೆ ತಂಪೆನಿಸುತ್ತದೆ, ದಾರಿಯೇನೂ ಅಗಲವಾಗುವುದಿಲ್ಲ.

ಮೊದಲ ನಾಲ್ಕೈದು ರಾತ್ರಿ ಕಷ್ಟವೇ. ತಲೆಗೆ ಎರಡು ದಿಂಬು ಇಟ್ಟುಕೊಳ್ಳಿ, ಬಾಟಲಿಯನ್ನು ಹಾಸಿಗೆಯ ಪಕ್ಕದಿಂದ ಎತ್ತಿ ಅಡುಗೆಮನೆಯ ಶೆಲ್ಫಿಗೆ ಸೇರಿಸಿ. ಬಲ ಹೊಳ್ಳೆ ಬಿಟ್ಟ ದಿನ ನನಗೊಂದು ಕಾಗದ ಬರೆಯಿರಿ.